ತಗ್ಗಿನಕೇರಿಯಲ್ಲಿ ಓದದೆ ಉಳಿದ ಸಾಲು

“ಚೆಲುವಜ್ಜಿ ಇವತ್ತು ಓದ್ಲೇ ಇಲ್ಲ ಕಣೇ ಹಂಸಿ! ಹಾಳೇನ ಮಡಚಿ ಜಗುಲಿ ಮೇಲಿಟ್ಟು ಒಳಗೋಗಿ ಕೂತ್ಬಿಟ್ಟಿದಾರೆ!”

ಝರೀನಾ ಇದನ್ನು ಕಾಲೇಜು ಕ್ಯಾಂಟೀನಿನ ಬಾಗಿಲಲ್ಲೇ ನಿಂತು ಕೂಗಿದಳು. ನನ್ನ ಬಾಯಲ್ಲಿ ಅರ್ಧ ಬನ್ ಇತ್ತು. ಅದನ್ನು ನುಂಗಿ, ನೀರು ಕುಡಿದು, ಆಮೇಲೆ ನಕ್ಕೆ.

“ಸುಳ್ಳು ಹೇಳ್ಬೇಡ. ನಲವತ್ತು ವರ್ಷದಲ್ಲಿ ಒಂದಿನಾನೂ ಬಿಟ್ಟಿಲ್ಲ ಅವ್ರು. ಗಂಡ ಸತ್ತ ದಿನಾನೂ ಓದಿದ್ರಂತೆ.”

“ನಾನ್ಯಾಕೆ ಸುಳ್ಳು ಹೇಳ್ಲಿ? ನೀನೇ ಬಂದು ನೋಡು. ಕೇರಿಗ್ ಕೇರೀನೇ ಬೆಳ್ಳಗೆ ಎಡಗಡೆಗೆ ಒತ್ಕೊಂಡು ನಿಂತಿದೆ. ನಮ್ಮಮ್ಮಿ ಹಾಲು ತರೋಕೆ ಹೋದೋಳು ಪಕ್ಕದ್ಮನೆ ಒಲೆ ಮೇಲೆ ಹಾಲಿಟ್ಟು ಕಾಯಿಸ್ತಾ ನಿಂತಿದ್ಲು. ಅವ್ರೂ ಏನೂ ಅನ್ನಲಿಲ್ಲ ಪಾಪ, ಅವ್ರಿಗೂ ಅದು ಯಾರ ಮನೆ ಅಂತ ಗ್ಯಾರಂಟಿ ಇರ್ಲಿಲ್ಲ.”

ನಮ್ಮೂರಿನಲ್ಲಿ ಮನೆಗಳಿಗೆ ಬಣ್ಣ ಹೊಡೆಯುವುದಿಲ್ಲ, ಬಣ್ಣ ಬರೆಯುತ್ತಾರೆ. ಸಿಎಸ್‌ಎಸ್ ಆಫೀಸಿನಲ್ಲಿ ಊರು ಹೇಗೆ ಕಾಣಬೇಕೆಂದು ಹೇಳುವ ಒಂದು ಹಾಳೆ ತಯಾರಾಗುತ್ತದೆ. ಅದರಲ್ಲಿ ಒಂದೊಂದು ಸಾಲಿಗೂ ಎರಡು ಭಾಗ. ಮೊದಲಿನದು ಸೆಲೆಕ್ಟರ್, ಅಂದರೆ ಯಾರು. ಎರಡನೆಯದು ಅವರು ಹೇಗೆ ಕಾಣಬೇಕು ಎನ್ನುವುದು. ತಗ್ಗಿನಕೇರಿಯ ಮನೆಗಳು, ಬಾಗಿಲು ಹಸಿರು. ಅಂಗಡಿಯಿರುವ ಮನೆಗಳು, ಮುಂದೆ ಮೂರಡಿ ಜಾಗ. ಊರಿನ ನಾಲ್ಕು ಕೇರಿಗೂ ಒಬ್ಬೊಬ್ಬರು ಬ್ರೌಸರ್ ಇದ್ದಾರೆ. ಅವರು ಹೊತ್ತು ಮೂಡುವಾಗ ಕೇರಿಯ ತಲೆಯಲ್ಲಿ ನಿಂತು ಹಾಳೆಯನ್ನು ಓದುತ್ತಾರೆ. ಓದಿದ ಹಾಗೆ ಕೇರಿ ಆಗುತ್ತದೆ. ನಾನಿರುವ ಮೂಡಲಕೇರಿಗೆ ದಾನಪ್ಪ ಬ್ರೌಸರ್. ನಮ್ಮದೇ ದೊಡ್ಡ ಕೇರಿ, ಅವರದೇ ದೊಡ್ಡ ಗಂಟಲು. ಝರೀನಾಳ ತಗ್ಗಿನಕೇರಿಗೆ ಚೆಲುವಜ್ಜಿ. ಅತ್ತೆಯಿಂದ ಸೊಸೆಗೆ ಬಂದ ಓದು ಅದು.

ಹಾಳೆಗೆ ಸಾಲು ಬರೆಯುವ ಕೆಲಸ ಆರು ತಿಂಗಳಿಗೊಮ್ಮೆ ಕೊನೆ ವರ್ಷದ ಡಿಗ್ರಿ ವಿದ್ಯಾರ್ಥಿ ಒಬ್ಬರಿಗೆ ಬರುತ್ತದೆ. ಈ ಸಲ ನನಗೆ ಬಂದಿತ್ತು. ಎಲ್ಲರೂ ಆಫೀಸಿನಲ್ಲಿ ಕೂತು ಬರೆಯುತ್ತಿದ್ದರಂತೆ, ನಾನು ಬಸ್ಸಿನಲ್ಲಿ, ಮೆಟ್ಟಿಲ ಮೇಲೆ, ಊಟದ ತಟ್ಟೆ ಪಕ್ಕದಲ್ಲಿ, ಎಲ್ಲ ಕಡೆಯೂ ಫೋನಿನಲ್ಲೇ ಬರೆದು ಕಳಿಸುತ್ತಿದ್ದೆ.

“ಯಾಕಂತೆ ನಿಲ್ಸಿದ್ದು?” ಎಂದೆ.

ಝರೀನಾ ನನ್ನ ಎದುರಿಗೆ ಕೂತಳು. ಅವಳ ಮುಖದಲ್ಲಿದ್ದ ಗಡಿಬಿಡಿ ಇಳಿದು ಇನ್ನೇನೋ ಬಂತು. “ಮುನಿಶಾಮಪ್ಪ ಗೊತ್ತಲ್ಲ, ಕೊಡೆ ರಿಪೇರಿ ಮಾಡೋರು? ಸೋಮವಾರ ತೀರ್ಕೊಂಡ್ರು. ಉಬ್ಬಸ. ಅವರ ಬಾಗಿಲು ಹದಿನೈದು ದಿನದಿಂದ ಕಿತ್ತಳೆ ಇರ್ಲಿಲ್ಲ, ಎಲ್ಲರ ಥರ ಹಸಿರಾಗಿತ್ತು. ನರ್ಸ್ ಸಿಸ್ಟರ್ ಒಳಗೆ ಹೋಗ್ಲೇ ಇಲ್ಲ. ಅಜ್ಜಿಗೆ ಕಣ್ಣು ಹೋಗಿದೆ, ಸಾಲು ಬಿಟ್ಟು ಓದಿದಾಳೆ ಅಂತ ಕೇರಿಯವ್ರೆಲ್ಲ ಬಾಯಿಗೆ ಬಂದಿದ್ದಂದ್ರು. ನಿನ್ನೆ ಯಾರೋ ಅವರ ಜಗುಲಿ ಮೇಲೆ ಮುರಿದ ಕನ್ನಡಕ ಇಟ್ಟು ಹೋಗಿದ್ರು.”

ಕ್ಯಾಂಟೀನಿನಲ್ಲಿ ಯಾರೋ ಲೋಟ ತೊಳೆಯುತ್ತಿದ್ದರು. ಹದಿನೈದು ದಿನ ಎಂದು ಅವಳು ಹೇಳಿದ್ದು ನನ್ನ ತಲೆಯಲ್ಲಿ ಇನ್ನೊಂದು ತಾರೀಖಿನ ಮೇಲೆ ಹೋಗಿ ಕೂತಿತ್ತು. ನನ್ನ ಹೊಸ ಸಾಲು ಹಾಳೆಗೆ ಸೇರಿದ ದಿನ.

ಬಾಗಿಲಿನ ವಿಷಯ ಹೇಳಬೇಕು. ನಮ್ಮೂರಿನಲ್ಲಿ ಯಾರೂ ಇನ್ನೊಬ್ಬರ ಬಾಗಿಲು ತಟ್ಟುವುದಿಲ್ಲ. ತಟ್ಟುವ ಅಗತ್ಯ ಯಾವತ್ತೂ ಬಂದಿಲ್ಲ, ಬಾಗಿಲೇ ಹೇಳುತ್ತದೆ. ಕಾಯಿಲೆಯವರ ಮನೆ ಕಿತ್ತಳೆ. ಫಿಲೋಮಿನಾ ಸಿಸ್ಟರ್ ಸಾಯಂಕಾಲ ನಾಲ್ಕೂ ಕೇರಿ ಸುತ್ತುತ್ತಾರೆ, ಕಿತ್ತಳೆ ಕಂಡಲ್ಲಿ ಒಳಗೆ ಹೋಗುತ್ತಾರೆ, ಮಿಕ್ಕಲ್ಲಿ ಮುಂದೆ ನಡೆಯುತ್ತಾರೆ. ಆದರೆ ಹಳೆಯ ಸೆಲೆಕ್ಟರುಗಳಲ್ಲಿ ಒಂದು ಕೊರತೆಯಿತ್ತು. ಅವು ಹೊರಗಿನಿಂದ ಒಳಗೆ ಮಾತ್ರ ಹೋಗುತ್ತಿದ್ದವು. ಇಂಥ ಮನೆಯೊಳಗಿನ ತೊಟ್ಟಿಲು ಎನ್ನಬಹುದಿತ್ತು, ಒಳಗೆ ತೊಟ್ಟಿಲಿರುವ ಮನೆ ಎನ್ನಲಾಗುತ್ತಿರಲಿಲ್ಲ. ಹಾಗಾಗಿ ಕಾಯಿಲೆಯವರ ಮನೆಯನ್ನು ಹೆಸರು ಹಿಡಿದೇ ಕರೆಯಬೇಕು. ಮನೆಯವರು ಯಾರಾದರೂ ಆಫೀಸಿಗೆ ಬಂದು ಪಟ್ಟಿಯಲ್ಲಿ ಬರೆಸಬೇಕು. ಬರಲು ಯಾರೂ ಇಲ್ಲದವರು ಜ್ವರದಲ್ಲಿ ಹಸಿರು ಬಾಗಿಲ ಹಿಂದೆ ಮಲಗಿರುತ್ತಿದ್ದರು.

ಈ ವರ್ಷ ಹೊಸ ಸೆಲೆಕ್ಟರ್ ಬಂತು. ಒಳಗೆ ಜ್ವರವಿರುವ ಮನೆ. ಇಷ್ಟೇ. ಅದನ್ನು ಮೊದಲ ಬಾರಿಗೆ ಹಾಳೆಗೆ ಹಾಕಿದವಳು ನಾನು. ಹಾಕಿದ ಮರುದಿನ ಬೆಳಿಗ್ಗೆ ಮೂಡಲಕೇರಿಯಲ್ಲಿ ನಮ್ಮನೆಯಿಂದ ಮೂರನೆಯ ಬಾಗಿಲು ತಾನಾಗಿ ಕಿತ್ತಳೆಯಾಯಿತು. ಒಳಗೆ ಒಬ್ಬಂಟಿ ಟೈಪಿಸ್ಟ್ ಒಬ್ಬರು ನಾಲ್ಕು ದಿನದಿಂದ ಎದ್ದಿರಲಿಲ್ಲ. ನಾನು ಬೀದಿಯಲ್ಲಿ ನಿಂತು ಕುಣಿದಿದ್ದೆ. ಫೋಟೋ ತೆಗೆದು ಇಪ್ಪತ್ತು ಜನಕ್ಕೆ ಕಳಿಸಿದ್ದೆ.

ನಾನು ನೋಡಿದ್ದು ಮೂಡಲಕೇರಿಯಲ್ಲಿ.

ಕ್ಲಾಸು ಬಿಟ್ಟು ನೇರವಾಗಿ ಆಫೀಸಿಗೆ ಹೋದೆ. ಪದ್ಮರಾಜಯ್ಯ ಮೇಷ್ಟ್ರು ಆಫೀಸಿನ ಹಿರಿಯರು. ನನಗೆ ಕೆಲಸ ಕಲಿಸಿದವರೂ ಅವರೇ. ಬಾಳೆಹಣ್ಣು ಸುಲಿಯುತ್ತಾ ಕೂತಿದ್ದರು. ನಾನು ಹಾಳೆ ಕೇಳಿದೆ, ಕೊಟ್ಟರು. ನನ್ನ ಸಾಲು ಅಲ್ಲಿಯೇ ಇತ್ತು: ಪಟ್ಟಿಯಲ್ಲಿರುವ ಮನೆ, ಒಳಗೆ ಜ್ವರವಿರುವ ಮನೆ, ಬಾಗಿಲು ಕಿತ್ತಳೆ.

ಹಳೆಯ ಸಾಲಿಗೆ ಹೊಸದನ್ನು ಜೋಡಿಸಿಬಿಟ್ಟಿದ್ದೆ. ಎರಡಕ್ಕೂ ಒಂದೇ ಬಣ್ಣ ತಾನೇ, ಎರಡು ಸಾಲು ಯಾಕೆ ದಂಡ ಎಂದು. ಒಂದೇ ಸಾಲಲ್ಲಿ ಮುಗಿಸಿದ್ದೀಯ, ಭೇಷ್ ಎಂದು ಮೇಷ್ಟ್ರು ಆವತ್ತು ಬೆನ್ನು ತಟ್ಟಿದ್ದರು.

ಬ್ರೌಸರುಗಳಿಗೆ ಒಂದು ಕಟ್ಟಳೆಯಿದೆ. ಸಾಲು ತಿಳಿಯದಿದ್ದರೆ ಗಲಾಟೆ ಮಾಡುವಂತಿಲ್ಲ, ಅದನ್ನು ಬಿಟ್ಟು ಮುಂದಿನದಕ್ಕೆ ಹೋಗಬೇಕು. ಒಂದು ಸಾಲಿಗೋಸ್ಕರ ಇಡೀ ಕೇರಿ ಕಾಯಬಾರದು ಎಂದು ಹಿರಿಯರು ಹಾಗೆ ಮಾಡಿದ್ದು. ಇದು ಊರಿನ ಎಲ್ಲರಿಗೂ ಗೊತ್ತು. ಆದರೆ ಅದರ ಜೊತೆಗೆ ಇನ್ನೊಂದಿದೆ. ಸಾಲಿನಲ್ಲಿ ಅರ್ಧ ತಿಳಿದು ಅರ್ಧ ತಿಳಿಯದಿದ್ದರೂ ಪೂರ್ತಿ ಸಾಲನ್ನೇ ಬಿಡಬೇಕು. ಅರ್ಧ ಓದಿದರೆ ಅರ್ಥ ಕೆಡುತ್ತದೆ ಎಂದು. ಮೊದಲ ವರ್ಷದಲ್ಲಿ ಇದನ್ನು ಓದಿ ಐದು ಮಾರ್ಕಿನ ಉತ್ತರ ಬರೆದಿದ್ದೆ. ಐದಕ್ಕೆ ಐದೂ ಬಂದಿತ್ತು.

“ಮೇಷ್ಟ್ರೇ, ಹೊಸ ಸೆಲೆಕ್ಟರನ್ನ ಚೆಲುವಜ್ಜಿ ಓದ್ತಾರಾ?”

“ಮೂರು ಕೇರಿಯವರು ಓದ್ತಾರೆ. ಚೆಲುವಮ್ಮನಿಗೆ ಇನ್ನೂ ಬರಲ್ಲ.”

“ನಂಗ್ಯಾಕೆ ಹೇಳ್ಲಿಲ್ಲ?”

“ನೀನು ಕೇಳ್ಲಿಲ್ಲ.” ಅವರು ಬಾಳೆಹಣ್ಣಿನ ಸಿಪ್ಪೆಯನ್ನು ನಿಧಾನವಾಗಿ ಕಿಟಕಿಯ ಮೇಲಿಟ್ಟರು. ನಾನು ಯಾಕೆ ಬಂದೆ ಎನ್ನುವುದು ಅವರಿಗೆ ಆಗಲೇ ಗೊತ್ತಿತ್ತು ಎಂದು ನನಗೆ ಆಗ ಹೊಳೆಯಿತು. “ಕೂತ್ಕೋ ಹಂಸಿನಿ. ನೋಡು, ಹೋದವರು ಬರಲ್ಲ. ನಾಳೆ ಮಧ್ಯಾಹ್ನ ಚೆಲುವಮ್ಮ ಆಫೀಸಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಓದು ಬಿಟ್ಟುಕೊಡ್ತಾರೆ. ನಾಡಿದ್ದಿಂದ ತಗ್ಗಿನಕೇರಿಗೂ ದಾನಪ್ಪನೇ ಓದೋದು. ಆಮೇಲೆ ಮಿಕ್ಕ ಎರಡೂ ಹಾಗೇ ಆಗುತ್ತೆ. ಊರಿಗೆಲ್ಲ ಒಬ್ಬನೇ ಬ್ರೌಸರ್ ಅಂದ್ರೆ ಬರೆಯೋರಿಗೆ ಎಷ್ಟು ನೆಮ್ಮದಿ ಯೋಚನೆ ಮಾಡು. ಒಂದ್ಕಡೆ ಸರಿಯಾದ್ರೆ ಎಲ್ಲಾ ಕಡೆ ಸರಿ.”

“ಅವರ ಕಣ್ಣು ಸರಿಯಾಗೇ ಇದೆ ಮೇಷ್ಟ್ರೇ. ತಪ್ಪು ಸಾಲಿಂದು.”

“ಅವರಿಗೆ ಎಪ್ಪತ್ತೊಂದು. ನಿನಗೆ ಇಪ್ಪತ್ತು. ಈ ವಿಷಯ ಯಾರ ಹೆಸರಲ್ಲಿದ್ರೆ ಯಾರಿಗೆ ಎಷ್ಟು ದಿನ ಭಾರ ಅಂತ ಲೆಕ್ಕ ಹಾಕು.”

ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅದೇ ಕಷ್ಟವಾಗಿದ್ದು. ಬೈದಿದ್ದರೆ ಎದುರು ಮಾತಾಡಿ ಎದ್ದು ಬರುತ್ತಿದ್ದೆ. ಐದು ನಿಮಿಷ ಅಲ್ಲೇ ಕೂತಿದ್ದೆ, ಅವರು ಹೇಳಿದ ಹಾಗೆ ಲೆಕ್ಕವನ್ನೂ ಹಾಕಿದೆ. ಆಮೇಲೆ ಝರೀನಾಗೆ ಫೋನು ಮಾಡಿ, ನಿಮ್ಮ ಕೇರಿಗೆ ಬರ್ತೀನಿ, ಬಸ್ ಸ್ಟಾಪಲ್ಲಿ ನಿಂತಿರು ಎಂದೆ.

ತಗ್ಗಿನಕೇರಿಗೆ ನಾನು ಅದಕ್ಕೆ ಮೊದಲು ಎರಡು ಸಲ ಹೋಗಿದ್ದೆ, ಎರಡೂ ಸಲ ಹಬ್ಬಕ್ಕೆ ಉಣ್ಣಲು. ಈಗ ಆ ಕೇರಿ ಗುರುತು ಸಿಗುವಂತಿರಲಿಲ್ಲ. ಹಾಳೆ ಓದದ ಕೇರಿ ಹೇಗಿರುತ್ತದೆ ಎಂದು ನಮ್ಮ ಕಾಲದವರು ಯಾರೂ ನೋಡಿರಲಿಲ್ಲ. ಮನೆಗಳೆಲ್ಲ ಒಂದರ ಕೆಳಗೊಂದು ಎಡಕ್ಕೆ ಅಂಟಿಕೊಂಡಿದ್ದವು. ಬಲಕ್ಕೆ ಉದ್ದಕ್ಕೂ ಬಿಳಿ ಬಯಲು. ಪ್ರತಿ ಮನೆಯ ಮೇಲೂ ಯಜಮಾನರ ಹೆಸರು ಒಂದೇ ಥರದ ಕಪ್ಪು ಅಕ್ಷರದಲ್ಲಿ ಬರೆದಿತ್ತು. ಕ್ಷೌರದಂಗಡಿ, ಮಸೀದಿ, ಪಡಿತರದಂಗಡಿ ಎಲ್ಲವೂ ಒಂದೇ ಅಳತೆ. ಎಲ್ಲಿಗಾದರೂ ಹೋಗುವ ಓಣಿಗಳು ಮಾತ್ರ ಕಡುನೀಲಿಯಾಗಿ, ಕೆಳಗೊಂದು ಗೆರೆ ಎಳೆಸಿಕೊಂಡಿದ್ದವು. ನಾವು ಒಂದನ್ನು ದಾಟಿ ಹಿಂತಿರುಗಿ ನೋಡಿದರೆ ಅದು ನೇರಳೆಯಾಗಿತ್ತು.

“ಬೆಳಿಗ್ಗೆಯಿಂದ ನಮ್ಮಬ್ಬ ಯಾವ್ಯಾವ ಓಣಿಗೆ ಹೋಗಿಬಂದ್ರು ಅಂತ ಅಮ್ಮಿಗೆ ಪೂರ್ತಿ ಗೊತ್ತಾಗೋಯ್ತು,” ಎಂದಳು ಝರೀನಾ. “ಬೀಡಿ ಅಂಗಡಿ ಓಣಿ ನೇರಳೆ. ಒಂದ್ಗಂಟೆ ಜಗಳ.”

ನಕ್ಕೆವು. ಅಷ್ಟರಲ್ಲಿ ಮುನಿಶಾಮಪ್ಪನ ಮನೆ ಬಂತು.

ಬಾಗಿಲು ಬೆಳ್ಳಗೆ ಮುಚ್ಚಿತ್ತು. ಕಟ್ಟೆಯ ಮೇಲೆ ರಿಪೇರಿಗೆ ಬಂದ ಕೊಡೆಗಳನ್ನು ಯಾರೋ ಸಾಲಾಗಿ ಒರಗಿಸಿದ್ದರು, ಅವರವರದು ಅವರವರು ತೆಗೆದುಕೊಂಡು ಹೋಗಲಿ ಎಂದು. ಎರಡು ಮೂರು ಮಾತ್ರ ಹೋಗಿರಬೇಕು. ಪಕ್ಕದ ಮನೆಯ ಕೆಂಪಮ್ಮ ಅಕ್ಕಿ ಆರಿಸುತ್ತಾ ಕೂತಿದ್ದವಳು ನಮ್ಮನ್ನು ಕಂಡು ಮೊರ ಕೆಳಗಿಟ್ಟಳು.

“ಬೆಲ್ಲ ಹಂಚಿದ ಕಣವ್ವಾ,” ಎಂದಳು, ನಾವು ಏನೂ ಕೇಳದೆಯೇ. ಆ ವಾರವೆಲ್ಲ ಬಂದವರಿಗೆಲ್ಲ ಅದನ್ನೇ ಹೇಳಿರಬೇಕು. “ಹದಿನಾಲ್ಕು ವರ್ಷದಿಂದ ಕಿತ್ತಳೆ ಬಾಗ್ಲು ಅವಂದು. ಒಂದಿನ ಬೆಳಿಗ್ಗೆ ಎದ್ದು ಈಚೆಗ್ ಬಂದು ನೋಡ್ತಾನೆ, ಹಸ್ರು! ಕೆಂಪಕ್ಕಾ ನಂಗೆ ವಾಸಿಯಾಗೋಯ್ತು ಅಂತ ಕೂಗ್ದ. ಅಚ್ಚು ಬೆಲ್ಲ ತಂದು ಹನ್ನೆಲ್ಡು ಮನೆಗೂ ಕೊಟ್ಟ. ಔಸ್ದಿ ಬಾಟ್ಲೀನ ಚರಂಡೀಗ್ ಸುರ್ದ.”

“ಕೆಮ್ಮು ಕೇಳಿಸ್ತಿರ್ಲಿಲ್ವಾ ಅಮ್ಮ?” ಎಂದೆ.

“ಕೇಳಿಸ್ತಿತ್ತು. ರಾತ್ರಿಯೆಲ್ಲ ಕೇಳಿಸ್ತಿತ್ತು. ಬಾಗ್ಲು ಹಸ್ರಾಗೈತಲ್ಲ, ಹಳೇ ಅಭ್ಯಾಸಕ್ಕೆ ಕೆಮ್ತಾನೆ ಅನ್ಕೊಂಡೋ.” ಅವಳು ಮೊರವನ್ನು ಮತ್ತೆ ಮಡಿಲಿಗೆ ತೆಗೆದುಕೊಂಡಳು. ಅಕ್ಕಿ ಆರಿಸಲಿಲ್ಲ. “ಮಾತ್ನಾಡಿಸ್ದಾಗ ನಿಜ್ವಾಗ್ಲೂ ವಾಸಿಯಾಗೈತಾ ಅಂತ್ಲೂ ಕೇಳ್ದೆ. ಬಾಗ್ಲಿಗಿಂತ ನಂಗ್ ಜಾಸ್ತಿ ಗೊತ್ತಾ ಕೆಂಪಕ್ಕ ಅಂದ.”

ಚೆಲುವಜ್ಜಿಯ ಮನೆ ಕೇರಿಯ ತಲೆಯಲ್ಲಿತ್ತು. ಜಗುಲಿಯ ಮೇಲೆ ಹಾಳೆ ಮಡಚಿಟ್ಟ ಹಾಗೇ ಇತ್ತು, ಹಾರಿಹೋಗದಂತೆ ಮೇಲೊಂದು ಅಡಕೊತ್ತು. ಅಜ್ಜಿ ಕಂಬಕ್ಕೆ ಒರಗಿ ಕೂತಿದ್ದರು. ಸಣ್ಣ ಮೈ, ದೊಡ್ಡ ಮೂಗುಬೊಟ್ಟು. ಝರೀನಾ ನನ್ನನ್ನು ತೋರಿಸಿ, “ಅಜ್ಜೀ, ಇವ್ಳು ಹಂಸಿನಿ, ಹಾಳೆ ಬರೆಯೋಳು,” ಎಂದಳು. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಹೆಬ್ಬೆಟ್ಟಿಗೆ ಇವತ್ತೇ ಕಳ್ಸಿದ್ರಾ? ನಾಳೆ ಅಂದಿದ್ರು.”

“ಅದಕ್ಕಲ್ಲ ಅಜ್ಜಿ.” ಬಸ್ಸಿನಲ್ಲಿ ಬರುವಾಗ ಹೇಳಬೇಕಾದದ್ದನ್ನೆಲ್ಲ ಫೋನಿನಲ್ಲಿ ಬರೆದುಕೊಂಡಿದ್ದೆ. ಈಗ ತೆಗೆದು ಓದಲು ನಾಚಿಕೆಯಾಯಿತು. “ನಿಮ್ ಕಣ್ಣು ಸರಿಯಾಗಿದೆ. ನೀವು ಸರಿಯಾಗೇ ಓದಿದೀರ. ನಾನು ತಪ್ಪು ಬರೆದೆ.”

ನಾನು ನಿಂತೇ ಹೇಳಿದೆ. ಎರಡು ಮನೆಗಳನ್ನು ಒಂದೇ ಸಾಲಿಗೆ ಕಟ್ಟಿದ್ದು, ಅವರಿಗೆ ಬಾರದ ಅರ್ಧ ಬರುವ ಅರ್ಧವನ್ನೂ ಎಳೆದುಕೊಂಡು ಹೋಗಿದ್ದು, ನಮ್ಮ ಕೇರಿಯಲ್ಲಿ ಒಂದು ಬಾಗಿಲು ನೋಡಿ ಸರಿಯಾಯಿತು ಎಂದುಕೊಂಡದ್ದು. ಕುಣಿದದ್ದನ್ನೂ ಹೇಳಿದೆ. ಅದನ್ನು ಯಾಕೆ ಹೇಳಿದೆನೋ ಗೊತ್ತಿಲ್ಲ.

“ಆ ಸಾಲು ಹೇಳು,” ಎಂದರು.

ಹೇಳಿದೆ. ಅವರು ತುಟಿಯಲ್ಲೇ ಜೊತೆಗೆ ಹೇಳಿಕೊಂಡರು. “ಹೌದು. ಹದಿನೇಳನೇ ಸಾಲು. ಒಳಗೆ ಜ್ವರವಿರುವ ಅನ್ನೋ ಹತ್ರ ನಾಲಿಗೆ ನಿಲ್ತಿತ್ತು. ಬಿಟ್ಟೆ. ಹಂಗೇ ಬಿಡಬೇಕು ಅಂತ ನಮ್ಮತ್ತೆ ಹೇಳ್ಕೊಟ್ಟಿದ್ದು. ಹದಿನೈದು ದಿನಾನೂ ಬಿಟ್ಟೆ.” ಅವರ ಕೈ ಕಣ್ಣಿನ ಹತ್ತಿರ ಹೋಗಿ ನಿಂತಿತು. “ಹಂಗಾದ್ರೆ ನಂಗೆ ಕಾಣ್ಸುತ್ತೆ.”

ಒಂದು ಕ್ಷಣ ಮುಖ ಹಗುರವಾಯಿತು. ತಕ್ಷಣವೇ, ಹಗುರವಾದದ್ದಕ್ಕೇ ಇರಬೇಕು, ಕೆಟ್ಟಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಝರೀನಾ ಹತ್ತಿರ ಹೋಗಿ ಕೂತಳು. ನಾನು ಹೋಗಲಿಲ್ಲ.

“ಬರಿಯೋ ಮುಂಚೆ ಒಂದ್ಸಲ ಬಂದು ಈ ಕೇರೀಲಿ ನಿಂತು ನೋಡಿದ್ಯಾ?” ಎಂದರು ಅಜ್ಜಿ.

“ಇಲ್ಲ.”

“ಬರೆದ್ಮೇಲೆ?”

“ಇಲ್ಲ ಅಜ್ಜಿ.”

“ಎಷ್ಟೊತ್ತಾಗುತ್ತೆ ನಿಮ್ಮನೆಯಿಂದ?”

“ಬಸ್ಸಲ್ಲಿ ಹತ್ನಿಮಿಷ.”

ಅವರು ಬಸ್ಸು ಬರುವ ದಾರಿಯ ಕಡೆ ಒಂದು ಸಲ ನೋಡಿದರು. ಅಷ್ಟು ದೊಡ್ಡ ಬೈಗುಳವನ್ನು ನಾನು ಇದುವರೆಗೆ ತಿಂದಿಲ್ಲ.

ಆಮೇಲೆ ಅವರೇ ಮಾತು ತೆಗೆದರು. “ನನ್ನ ತಪ್ಪಿಲ್ಲ ಅನ್ಬೇಡ. ಆ ಹೊಸ ಸೆಲೆಕ್ಟರು ನಂಗ್ಯಾಕೆ ಬರ್ಲಿಲ್ಲ ಕೇಳು. ಈ ವರ್ಷದ ಮೊದ್ಲಲ್ಲಿ ಮೇಷ್ಟ್ರು ಬಂದು, ಕಲ್ತ್ಕೋ ಚೆಲುವಮ್ಮ ಅಂದ್ರು. ಆಗಲ್ಲ ಅಂದೆ. ಹಳೇದಾದ್ರೆ ಕೇರಿ ತಲೇಲಿ ನಿಂತ್ಕೊಂಡೇ ಎಲ್ಲಾ ಬಾಗ್ಲಿಗೂ ಹೇಳ್ಬೋದು. ಇದು ಹಂಗಲ್ಲ. ಪ್ರತಿ ಮನೆ ಒಳಗೂ ಹೊಕ್ಕು, ಕೋಣೆ ಕೋಣೆ ನೋಡಿ, ಈಚೆಗೆ ಬಂದು ಬಾಗ್ಲಿಗೆ ಹೇಳ್ಬೇಕು. ಒಂದೊಂದು ದಿನಾನೂ. ಮುನ್ನೂರ ನಲವತ್ತು ಮನೆ. ನಾನು ಮುಗ್ಸೋದ್ರಲ್ಲಿ ಮಧ್ಯಾಹ್ನ ಆಗುತ್ತೆ, ಕೇರಿ ಅಲ್ಲೀತನಕ ಬೆಳ್ಳಗಿರುತ್ತೆ. ನಿಧಾನ ಆಗೋದಕ್ಕಿಂತ ಬೇಡ ಅಂದ್ಬಿಟ್ಟೆ.”

“ದಾನಪ್ಪ ಎಲ್ಲಾ ಮನೇನೂ ನೋಡಲ್ಲ ಅಜ್ಜಿ,” ಎಂದೆ.

“ಮತ್ತೆ?”

ನಮ್ಮನೆ ಎದುರಿಗೇ ದಾನಪ್ಪನ ಮನೆ. ಓದುವುದಕ್ಕೆ ಹೋಗುವಾಗ ಅವರು ಮಾಡುವುದನ್ನು ಈ ಹದಿನೈದು ದಿನವೂ ನೋಡಿದ್ದೆ. ಅದೊಂದು ಹೇಳಬೇಕಾದ ಸಂಗತಿ ಎಂದು ನನಗೆ ಅನಿಸಿರಲೇ ಇಲ್ಲ. “ಮೊದಲ್ನೇ ದಿನ ಮಾತ್ರ ಎಲ್ಲಾ ಮನೆ ಒಳಗೂ ಹೋಗಿದ್ರು. ಆಮೇಲೆ ನಿನ್ನೆಗೂ ಇವತ್ತಿಗೂ ಏನಾದ್ರೂ ಅಲ್ಲಾಡಿರೋ ಮನೆಗೆ ಮಾತ್ರ ಹೋಗ್ತಾರೆ. ರಾತ್ರಿ ನೀರಿಗೆ ಎದ್ದಿದಾರಾ, ಒಲೆ ಹಚ್ಚಿಲ್ವಾ, ಹೊಸಬ್ರು ಬಂದಿದಾರಾ. ಮಿಕ್ಕಿದ್ದು ನಿನ್ನೆ ಹೆಂಗಿತ್ತೋ ಹಂಗೆ. ದಿನಕ್ಕೆ ಎಂಟೋ ಹತ್ತೋ ಮನೆ ಅಷ್ಟೇ.”

ಅಜ್ಜಿ ನನ್ನ ಬಾಯನ್ನೇ ನೋಡುತ್ತಿದ್ದರು. “ಎಂಟ್ಹತ್ತು ಮನೆ.”

“ಹೂಂ.”

“ಅಷ್ಟೇಯಾ.” ಗೋಡೆಯ ಕಡೆ ತಿರುಗಿದರು. “ಆ ಮನುಷ್ಯ ನಂಗೊಂದು ಮಾತು ಹೇಳಿದ್ರೆ ಅವನ ಗಂಟು ಹೋಗ್ತಿತ್ತಾ?”

ಅವರೇ ಅದಕ್ಕೆ ಉತ್ತರವನ್ನೂ ಹೇಳಿದರು. ಒಂದು ಕೇರಿಯ ಬ್ರೌಸರ್ ಇನ್ನೊಂದು ಕೇರಿಯ ಬ್ರೌಸರ್ ಜೊತೆ ಓದಿನ ಮಾತು ಆಡುವಂತಿಲ್ಲ. ಮದುವೆಮನೆಯಲ್ಲಿ ಸಿಕ್ಕರೆ ಮಳೆ ಬೆಳೆ ವಿಚಾರಿಸಬಹುದು, ಸಾಲಿನ ವಿಚಾರ ಎತ್ತಬಾರದು. ತನ್ನ ಅತ್ತೆ ಸಾಯುವಾಗಲೂ ಕೈಹಿಡಿದು ಅದನ್ನೇ ಹೇಳಿದ್ದರಂತೆ. ಓದು ಮನೆತನದ್ದು, ಹೊರಗೆ ಹೋದರೆ ಮನೆತನ ಹೋಯಿತು. “ನಾನೂ ಯಾರ್ಗೂ ಏನೂ ಹೇಳ್ಕೊಟ್ಟಿಲ್ಲ ಬಿಡು. ಅವನೊಬ್ಬನ್ನೇ ಯಾಕನ್ಲಿ.”

ಬಿಸಿಲು ಇಳಿಯುತ್ತಿತ್ತು. ಅಜ್ಜಿ ಅಡಕೊತ್ತು ತೆಗೆದು ಹಾಳೆಯನ್ನು ಮಡಿಲಿಗೆ ಹಾಕಿಕೊಂಡರು. “ಆ ಸಾಲನ್ನ ಬಿಡಿಸಿ ಎಲ್ಡು ಮಾಡು. ಈಗ್ಲೇ. ಇಲ್ಲೇ ಕೂತು.”

ಜಗುಲಿಯ ತುದಿಯಲ್ಲಿ ಕೂತು ಫೋನಿನಲ್ಲಿ ಬರೆದೆ. ಪಟ್ಟಿಯಲ್ಲಿರುವ ಮನೆ, ಬಾಗಿಲು ಕಿತ್ತಳೆ. ಅದರ ಕೆಳಗೆ, ಬೇರೆಯಾಗಿ, ಒಳಗೆ ಜ್ವರವಿರುವ ಮನೆ, ಬಾಗಿಲು ಕಿತ್ತಳೆ. ಇಷ್ಟಕ್ಕೆ ನನ್ನ ಬೆರಳು ಮೂರು ಸಲ ತಪ್ಪಿತು. ಅಜ್ಜಿ ಕೋಲೂರಿ ಎದ್ದು ಕೇರಿಯ ತಲೆಗೆ ಬಂದು ನಿಂತರು. ಬೇರೆ ಯಾವ ಸಾಲನ್ನೂ ಓದಲಿಲ್ಲ. ನಾನು ಹಿಡಿದ ಫೋನಿನಿಂದ ಆ ಎರಡನ್ನೇ ಓದಿದರು. ದಾನಪ್ಪನ ಹಾಗೆ ದೊಡ್ಡ ಗಂಟಲಲ್ಲ, ಮಗುವಿನ ಹೆಸರು ಹೇಳಿ ಎಬ್ಬಿಸುವ ದನಿ. ಎರಡನೆಯದರಲ್ಲಿ ನಾಲಿಗೆ ನಿಂತಿತು. ಬಿಟ್ಟರು.

ಬೆಳ್ಳಗಿನ ಕೇರಿಯಲ್ಲಿ ಒಂದೊಂದೇ ಬಾಗಿಲು ಕಿತ್ತಳೆಯಾಯಿತು. ಮೇಲೆ ಎರಡು, ಮಸೀದಿಯ ಪಕ್ಕ ಒಂದು, ಕೊನೆಯಲ್ಲಿ ಎರಡು. ಐದು. ಜನ ಹೊರಗೆ ಬಂದು ನೋಡತೊಡಗಿದರು. ಆರನೆಯದು ಆದದ್ದು ಸ್ವಲ್ಪ ತಡವಾಗಿ, ಒರಗಿಸಿಟ್ಟ ಕೊಡೆಗಳ ಹಿಂದೆ.

ಅವರ ಹೆಸರು ಪಟ್ಟಿಯಲ್ಲಿ ಇನ್ನೂ ಇತ್ತು. ತೆಗೆಯಬೇಕು ಎಂದು ಯಾರಿಗೂ ನೆನಪಾಗಿರಲಿಲ್ಲ.

ಫಿಲೋಮಿನಾ ಸಿಸ್ಟರ್ ಸಾಯಂಕಾಲದ ಸುತ್ತಿಗೆ ಕೇರಿಯ ಆ ತುದಿಯಿಂದ ಬರುತ್ತಿದ್ದರು. ಕಿತ್ತಳೆ ಕಂಡು ಅಭ್ಯಾಸದ ಹಾಗೆ ನೇರ ಮುನಿಶಾಮಪ್ಪನ ಬಾಗಿಲಿಗೆ ಬಂದು, ಕಟ್ಟೆಯ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟು, ಅಲ್ಲೇ ನಿಂತುಬಿಟ್ಟರು. ಔಷಧಿಯ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಕೆಂಪಮ್ಮ ಏಳಲಿಲ್ಲ, ಕೂತಲ್ಲಿಂದಲೇ ಅವರ ಸೀರೆಯ ಅಂಚನ್ನು ಹಿಡಿದಳು. ಆ ಬಾಗಿಲಿನಷ್ಟು ಬಣ್ಣ ಇಡೀ ಕೇರಿಯಲ್ಲಿ ಎಲ್ಲೂ ಇರಲಿಲ್ಲ.

ಫೋನು ನನ್ನ ಕೈಯಲ್ಲೇ ಇತ್ತು. ಪಟ್ಟಿ ತೆಗೆದರೆ ಆ ಹೆಸರಿನ ಮೇಲೆ ಬೆರಳಿಡಬಹುದಿತ್ತು. “ತೆಗೀಲಾ ಅಜ್ಜಿ?” ಎಂದೆ.

“ಇವತ್ತಿರ್ಲಿ. ನಾಲ್ಕು ಜನ ನೋಡ್ಲಿ.”

ನೋಡುತ್ತಾ ನಿಂತವರಲ್ಲಿ ಒಬ್ಬಾತ, ಕನ್ನಡಕ ಇಟ್ಟವನೇ ಇರಬಹುದು, “ಅಜ್ಜಿಗೆ ಇವತ್ತು ಕಣ್ಣು ಕಾಣ್ತಾ?” ಎಂದ. ಯಾರೂ ನಗಲಿಲ್ಲ. ಅವನಿಗೆ ಕೇಳುವಷ್ಟು ಗಟ್ಟಿಯಾಗಿ, “ಅವರಿಗೆ ಯಾವತ್ತೂ ಕಾಣ್ತಿತ್ತು. ಸಾಲು ಕೆಡಿಸಿದ್ದು ನಾನು,” ಎಂದೆ. ಅವನು ನನ್ನನ್ನು ನೋಡಿದ, ಅಜ್ಜಿಯನ್ನು ನೋಡಿದ, ಆಮೇಲೆ ಆ ಬಾಗಿಲನ್ನು ನೋಡಿದ. ಬೈಯುತ್ತಾನೆ ಎಂದು ಕಾದೆ. ತಲೆ ತಗ್ಗಿಸಿಕೊಂಡು ನೇರಳೆ ಓಣಿಯೊಳಕ್ಕೆ ಹೊರಟುಹೋದ.

ಅಜ್ಜಿ ಜಗುಲಿಗೆ ವಾಪಸು ಬಂದು ಕೂತರು. ಮೊಣಕಾಲು ನೀವಿಕೊಂಡರು. “ಒಂದು ಸಾಲು ಸರಿಯಾಯ್ತು. ಇನ್ನೊಂದು ಹಂಗೇ ನಿಂತಿದೆ. ಈ ಕೇರೀಲಿ ಪಟ್ಟೀಲಿಲ್ದೋರು ಯಾರು ಈಗ ಜ್ವರದಲ್ಲಿ ಮಲಗಿದಾರೋ ನಂಗೆ ಗೊತ್ತಿಲ್ಲ, ನಿಂಗೂ ಗೊತ್ತಿಲ್ಲ.” ನನ್ನ ಫೋನನ್ನು ಗದ್ದದಲ್ಲಿ ತೋರಿಸಿದರು. “ಇದ್ರಲ್ಲಿ ದಾನಪ್ಪ ಸಿಕ್ತಾನಾ?”

“ಸಿಕ್ತಾರೆ. ಆದ್ರೆ ಅಜ್ಜಿ, ನೀವಿಬ್ರೂ ಮಾತಾಡ್ಬಾರ್ದು ಅಂತ...”

“ಹಚ್ಚು.”

ಹಚ್ಚಿ, ಸ್ಪೀಕರಿಗೆ ಹಾಕಿ ಅವರ ಮುಂದೆ ಹಿಡಿದೆ. ದಾನಪ್ಪ ಎತ್ತಿದರು. “ಏನಮ್ಮಾ ಹಂಸಿನಿ?”

“ಹಂಸಿನಿ ಅಲ್ಲ. ತಗ್ಗಿನಕೇರಿ,” ಎಂದರು ಅಜ್ಜಿ.

ಕಟ್ಟಾಯಿತೇನೋ ಎಂದು ನಾನು ಪರದೆ ನೋಡಿದೆ.

“ಅಕ್ಕಾ,” ಎಂದರು ದಾನಪ್ಪ ಕೊನೆಗೆ, ಬಹಳ ಮೆಲ್ಲಗೆ. ಆ ದೊಡ್ಡ ಗಂಟಲಿಗೆ ಅಷ್ಟು ಮೆಲ್ಲಗಿನ ದನಿಯೂ ಇದೆ ಎಂದು ನನಗೆ ಗೊತ್ತಿರಲಿಲ್ಲ. “ನಿಮ್ ಕೇರೀನ ನಾನು ಕೇಳಿದ್ದಲ್ಲ ಅಕ್ಕ. ಆಫೀಸ್ನೋರು ಓದು ಅಂದ್ರು.”

“ಗೊತ್ತು ಬಿಡಪ್ಪ. ಹೆಬ್ಬೆಟ್ಟು ಒತ್ತಲ್ಲ ನಾನು. ನಾಳೆ ಒಂಬತ್ತಕ್ಕೆ ಇಲ್ಲಿಗೆ ಬಾ. ಮಿಕ್ಕಿಬ್ಬರನ್ನೂ ಕರ್ಕೊಂಡು ಬಾ. ಒಂದೇ ಹಾಳೆ ಇಟ್ಕೊಂಡು ನಾಲ್ಕು ಜನಾನೂ ಒಬ್ಬರಾದ್ಮೇಲೊಬ್ರು ಓದಣ. ಯಾರ ನಾಲಿಗೆ ಎಲ್ಲಿ ನಿಲ್ಲುತ್ತೋ ಅಲ್ಲಿ ಮಿಕ್ಕೋರು ಹೇಳ್ಕೊಡ್ಲಿ. ನಿಂಗೂ ಬಾರದ್ದು ನನ್ ಹತ್ರ ಎರಡು ಮೂರಿದೆ, ನಂಗೊತ್ತು.”

“ಹಿರೀಕರು ಬೇಡ ಅಂದಿದಾರಲ್ಲಕ್ಕ.”

“ಮುನಿಶಾಮಪ್ಪನ್ನ ಹಿರೀಕರು ಮಣ್ಣು ಮಾಡ್ಲಿಲ್ಲ. ನಾವು ಮಾಡಿದ್ದು.”

ದಾನಪ್ಪ, “ಒಂಬತ್ತು ಅಂದ್ರಲ್ಲ, ತಿಂಡಿ ತಿನ್ಕೊಂಡು ಬರ್ಬೇಕಾ, ಅಲ್ಲೇನಾ?” ಎಂದರು.

“ಇಲ್ಲೇ ತಿನ್ನು. ರೊಟ್ಟಿ ತಟ್ತೀನಿ.”

ಫೋನಿಟ್ಟ ಮೇಲೆ ಮೇಷ್ಟ್ರಿಗೆ ಮೆಸೇಜು ಬರೆದೆ: ನಾಳೆ ಮಧ್ಯಾಹ್ನದ ಹೆಬ್ಬೆಟ್ಟಿನ ಕಾಗದ ತರಬೇಡಿ, ಬೆಳಿಗ್ಗೆ ನೀವೇ ಇಲ್ಲಿಗೆ ಬನ್ನಿ, ಸಾಲು ನನ್ನದು ಎಂದು ಎಲ್ಲರೆದುರು ಹೇಳುತ್ತೇನೆ. ಅವರು ಓದಿದರು. ಉತ್ತರ ಬರಲಿಲ್ಲ. ಕೆಲಸ ಹೋಗುತ್ತದೆ ಎಂದು ಝರೀನಾ ಕಿವಿಯಲ್ಲಿ ಹೇಳಿದಳು. ಗೊತ್ತು ಎಂದೆ.

ಹೊರಡಲು ಚಪ್ಪಲಿ ಹಾಕಿಕೊಳ್ಳುವಾಗ ಅಜ್ಜಿ ಕರೆದರು.

“ಅವ್ರೆಲ್ಲ ಒಂಬತ್ತಕ್ಕೆ. ನೀನು ಎಂಟಕ್ಕೇ ಬಾ. ಅವ್ರು ಬರೋ ಮುಂಚೆ ಕೆಂಪಮ್ಮನ ಹತ್ರ ಹೋಗಿ ನೀನೇ ಹೇಳ್ಬೇಕು. ಅವನ ಕೆಮ್ಮು ಕೇಳಿದೋಳು ಅವ್ಳು.”

ಕೆಂಪಮ್ಮನ ಹೆಸರು ಕೇಳಿ ನನ್ನ ಕಾಲು ಹಿಂದಕ್ಕೆ ಬಂತು. ಆಫೀಸು, ಮೇಷ್ಟ್ರು, ನಾಲ್ಕು ಬ್ರೌಸರುಗಳು, ಇವರೆಲ್ಲರ ಮುಂದೆ ಹೇಳುವುದನ್ನು ಮನಸ್ಸಿನಲ್ಲಿ ಹೊಂದಿಸಿಕೊಂಡಿದ್ದೆ. ಅವಳ ಮುಂದೆ ಏನು ಹೇಳಬೇಕು ಎನ್ನುವುದನ್ನು ಎಲ್ಲೂ ಬರೆದುಕೊಂಡಿರಲಿಲ್ಲ.

“ನೀವೂ ಜೊತೇಲಿ ಬರ್ತೀರಾ ಅಜ್ಜಿ?”

“ಬರ್ತೀನಿ. ಬಾಗ್ಲು ತಟ್ಟೋಳು ಮಾತ್ರ ನೀನು.”

“ಎಂಟಕ್ಕೆ,” ಎಂದೆ.

“ಎಂಟಕ್ಕೆ,” ಎಂದರು ಅವರು.